ನಿತ್ಯದ ಊಟ: ಇರುವುದನ್ನು ಕಳೆಯದೆ ಬೇಯಿಸುವ ಬಗೆ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಹುಬ್ಬತಲೈಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ, ನಾವು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಹೇಳುವೆವೆಂದು ಅವರು ಎಣಿಸಿದ್ದಿರಬೇಕು. ನಾವು ಆರಿಸಿಕೊಂಡುದು ಅಡಿಗೆಯ ಮನೆಯನ್ನು. ಕನ್ನಡ ಪಂಡಿತರಿಗೆ ಒಲೆಯ ಮುಂದೇನು ಕೆಲಸವೆಂದು ಯಾರೂ ನಗಬೇಕಾಗಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಲೋಕದ ಬಾಳಿಗೆ ಬೇಕಾದ ಇತರ ವಿಷಯಗಳ ಜೊತೆಗೆ ಪಾಕಶಾಸ್ತ್ರಕ್ಕೂ ಸ್ಥಾನವುಂಟು. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಯೂ ಅಕ್ಕಿಯೂ ತಮ್ಮಲ್ಲಿ ಯಾರು ಮೇಲೆಂದು ಶ್ರೀರಾಮನ ಎದುರಿಗೇ ವಾದಕ್ಕೆ ನಿಂತವು. ಅನ್ನವನ್ನು ಕುರಿತು ಮಾತನಾಡುವುದನ್ನು ನಮ್ಮ ಕವಿಗಳು ಕೀಳೆಂದು ಬಗೆಯಲಿಲ್ಲ. ಇನ್ನು ಇದು ಹೆಂಗಸರಿಗೆ ಹೇಳತಕ್ಕ ಮಾತೆಂದು ಹಿಂದಿನ ಸಾಲಿನ ಗಂಡಸರು ಎದ್ದು ಹೋಗಲೂ ಕಾರಣವಿಲ್ಲ. ಪುರಾಣಪ್ರಸಿದ್ಧರಾದ ಅಡಿಗೆಯವರು ನಳ ಮತ್ತು ಭೀಮ. ವಿರಾಟರಾಯನ ಅಡಿಗೆಯ ಮನೆಯಲ್ಲಿ ವಲಲನೆಂಬ ಹೆಸರಿನಿಂದ ಸೌಟು ಹಿಡಿದವನೇ ಕೀಚಕನನ್ನು ಕೊಂದವನು.

ವಿನೋದದ ಮಾತು ಇರಲಿ. ಈ ವಿಷಯವನ್ನು ಎತ್ತಿಕೊಳ್ಳಲು ನಮಗೆ ಬೇರೊಂದು ಕಾರಣವಿದೆ. ಬೆಳಗಿನ ಎರಡನೆಯ ಪಾಠದ ಹೊತ್ತಿಗೆ ತರಗತಿಯಲ್ಲಿ ಕೆಲವು ಮಕ್ಕಳ ಕಣ್ಣು ಬಾಡುವುದನ್ನು ನಾವು ಕಾಣುತ್ತೇವೆ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಬೆಳಗ್ಗೆ ಏನು ಉಂಡು ಬಂದೆಯೆಂದು ಕೇಳಿದರೆ ಒಂದು ಲೋಟ ಚಹಾ, ಎರಡು ಬಿಸ್ಕತ್ತು ಎಂಬ ಉತ್ತರ ಬರುತ್ತದೆ. ಉಗುರು ಬೆಳ್ಳಗೆ, ತುಟಿ ಬೆಳ್ಳಗೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಆ ಐವತ್ತೇಳರಲ್ಲಿ ಕೆಲವರು ನಮ್ಮ ಬೆಂಚುಗಳ ಮೇಲೆಯೇ ಕುಳಿತಿದ್ದಾರೆ. ಅವರ ತಾಯಂದಿರು ಈ ಸಭೆಯಲ್ಲಿ ಕುಳಿತಿದ್ದಾರೆ. ಈ ಮಕ್ಕಳ ಮನೆಗಳೆಲ್ಲ ಬಡತನದವಲ್ಲ. ಅನೇಕ ಮನೆಗಳಲ್ಲಿ ಧಾನ್ಯವಿದೆ, ಕಾಳಿದೆ, ಹಿತ್ತಲಿನಲ್ಲಿ ಸೊಪ್ಪಿದೆ. ಇರುವ ಸತ್ತ್ವವು ತಟ್ಟೆಗೆ ಬರುವ ಮೊದಲೇ ನೀರಿನಲ್ಲಿ, ಆವಿಯಲ್ಲಿ, ಕಸದ ಬುಟ್ಟಿಯಲ್ಲಿ ಕಳೆದುಹೋಗುತ್ತಿದೆ. ಹೆಚ್ಚು ಖರ್ಚಿಲ್ಲದೆ ಈ ನಷ್ಟವನ್ನು ತಡೆಯುವುದು ಹೇಗೆಂಬುದೇ ಇಂದಿನ ನಮ್ಮ ವಿಷಯ.

ಈ ಮಾತನ್ನು ಹೇಳಲು ಹುಬ್ಬತಲೈಗಿಂತ ತಕ್ಕ ಸ್ಥಳ ದೊರೆಯಲಾರದು. ಇಲ್ಲಿಂದ ಕೆಲವೇ ಮೈಲಿ ದೂರದ ಕೂನೂರಿನಲ್ಲಿ 1907ರಲ್ಲಿ ಸ್ಥಾಪಿತವಾದ ಪಾಶ್ಚರ್ ಸಂಸ್ಥೆಯನ್ನು ನೀವೆಲ್ಲರೂ ಬಲ್ಲಿರಿ. ನಾಯಿ ಕಚ್ಚಿದರೆ ಹಾಕುವ ಲಸಿಕೆಗೆ ಅದು ಪ್ರಸಿದ್ಧವಾಯಿತು. ಅಲ್ಲಿಯ ಒಂದೇ ಒಂದು ಕೊಠಡಿಯಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯನು ಬೆರಿಬೆರಿ ರೋಗದ ಕಾರಣವನ್ನು ಹುಡುಕತೊಡಗಿದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಕೊಠಡಿಯೇ ಬೆಳೆದು 1928ರಲ್ಲಿ ಪೋಷಣ ಸಂಶೋಧನಾಲಯವೆಂಬ ಹೆಸರು ಪಡೆಯಿತು. 1958ರಲ್ಲಿ ಹೈದರಾಬಾದಿಗೆ ಹೋಯಿತು. 1969ರಿಂದ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾಗಿದೆ. ಭಾರತದವರು ಉಣ್ಣುವ ಅನ್ನದಲ್ಲಿ ಏನೇನಿದೆಯೆಂದು ಅಳೆದು ಬರೆದ ಪಟ್ಟಿಯು ಆ ಸಂಸ್ಥೆಯ ನಿರ್ದೇಶಕರಾಗಿದ್ದ ಐಕ್ರಾಯ್ಡ್ ಅವರ ಕಾಲದಲ್ಲಿ, 1937ರಲ್ಲಿ, ಇದೇ ಕೂನೂರಿನಿಂದ ಹೊರಬಂದಿತು. ದೇಶಕ್ಕೆ ಊಟದ ವಿದ್ಯೆಯನ್ನು ಕಲಿಸಿದ ಬೆಟ್ಟ ನಮ್ಮದು. ಆ ಬೆಟ್ಟದ ಮಕ್ಕಳು ಬಿಳಿಚಿಕೊಳ್ಳುವುದು ತರವಲ್ಲ.

ಮೆಕ್‌ಕ್ಯಾರಿಸನ್ ಮಾಡಿದ ಒಂದು ಪರೀಕ್ಷೆಯನ್ನು ಮಕ್ಕಳು ಗಮನವಿಟ್ಟು ಕೇಳಬೇಕು. ಒಂದೇ ವಯಸ್ಸಿನ, ಒಂದೇ ತೂಕದ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಭಾರತದ ಒಂದೊಂದು ಪ್ರಾಂತದವರ ಊಟವನ್ನು ಹಾಕಿದನು. ಇಡಿಯ ಗೋಧಿಯ ರೊಟ್ಟಿ, ಬೇಳೆ, ಹಾಲು, ಬೆಣ್ಣೆ, ಹಸಿಯ ತರಕಾರಿ ತಿಂದ ಪಂಜಾಬಿನ ಗುಂಪು ಎಲ್ಲಕ್ಕಿಂತ ಚೆನ್ನಾಗಿ ಬೆಳೆಯಿತು. ನಯಮಾಡಿದ ಅಕ್ಕಿಯನ್ನೇ ಹೆಚ್ಚಾಗಿ ತಿಂದು, ಹಾಲು ತರಕಾರಿಗಳನ್ನು ಅತಿ ಕಡಿಮೆ ಕಂಡ ಮದರಾಸಿನ ಗುಂಪು ಹಿಂದೆ ಬಿದ್ದಿತು. ಇದರಿಂದ ಅಕ್ಕಿ ಕೆಟ್ಟದ್ದೆಂದು ತಿಳಿಯಬಾರದು. ಅಕ್ಕಿಯೊಂದರಿಂದಲೇ ಹೊಟ್ಟೆ ತುಂಬಿಸುವುದು ಕೆಟ್ಟದ್ದು. ಆ ಅಕ್ಕಿಯ ಸತ್ತ್ವವನ್ನೂ ಕಳೆದು ತಿನ್ನುವುದು ಇನ್ನೂ ಕೆಟ್ಟದ್ದು.

ಆದುದರಿಂದ ಅಕ್ಕಿಯಿಂದಲೇ ಆರಂಭಿಸೋಣ. ಬೆರಿಬೆರಿ ರೋಗವು ಹಿಂದೆ ಮದರಾಸು ಪ್ರಾಂತದ ಉತ್ತರದ ಕರಾವಳಿ ಜಿಲ್ಲೆಗಳಲ್ಲಿ ಹೆಚ್ಚಾಗಿ ಕಾಣುತ್ತಿತ್ತು. ಅಲ್ಲಿಯವರು ಗಿರಣಿಯಲ್ಲಿ ನಯಮಾಡಿದ ಬೆಳ್ತಿಗೆ ಅಕ್ಕಿಯನ್ನು ತಿನ್ನುತ್ತಿದ್ದರು. ಕುಸುಬಲಕ್ಕಿ ತಿನ್ನುವ ಇತರ ಜಿಲ್ಲೆಗಳಲ್ಲಿ ಆ ರೋಗ ವಿರಳ. ಬತ್ತವನ್ನು ನೆನೆಯಿಸಿ ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ-1 ಎಂಬ ಜೀವಸತ್ತ್ವವು ಕಾಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಪೂರ್ಣವಾಗಿ ಹೋಗುವುದಿಲ್ಲ. ಬೆಳ್ತಿಗೆ ಅಕ್ಕಿಯಲ್ಲಿ ಉಳಿದ ಸ್ವಲ್ಪವನ್ನೂ ನಾವು ತೊಳೆದು ಚೆಲ್ಲುತ್ತೇವೆ. ನಾಲ್ಕೈದು ಸಲ ತಿಕ್ಕಿ ತೊಳೆದರೆ ಅದರಲ್ಲಿ ಅರ್ಧದಷ್ಟು ನೀರಿನೊಡನೆ ಹೋಗುವುದುಂಟು. ಗಂಜಿ ಬಸಿದು ಮೋರಿಗೆ ಸುರಿದರೆ ಇನ್ನಷ್ಟು ಹೋಗುತ್ತದೆ.

ಇದಕ್ಕೆ ಉಪಾಯ ಸುಲಭ. ಅಕ್ಕಿಯಲ್ಲಿ ಕಲ್ಲು ಹೊಟ್ಟುಗಳನ್ನು ಮೊದಲೇ ಆರಿಸಿರಿ. ಒಂದು ಸಲ, ಹೆಚ್ಚೆಂದರೆ ಎರಡು ಸಲ, ಕೈಯಿಂದ ತಿಕ್ಕದೆ ಹಗುರವಾಗಿ ತೊಳೆಯಿರಿ. ಒಂದು ಪಾವು ಅಕ್ಕಿಗೆ ಎರಡೂವರೆ ಪಾವಿನಂತೆ ಎಸರಿಟ್ಟು, ನೀರೆಲ್ಲವೂ ಅಕ್ಕಿಯಲ್ಲಿಯೇ ಇಂಗುವಂತೆ ಮುಚ್ಚಿ ಬೇಯಿಸಿರಿ. ಹಳೆಯ ಅಕ್ಕಿಗೆ ನೀರು ಸ್ವಲ್ಪ ಮುಂದಿರಲಿ. ಗಂಜಿ ಬಸಿಯುವ ವಾಡಿಕೆಯ ಮನೆಯವರು ಆ ಗಂಜಿಗೆ ಉಪ್ಪು, ಮಜ್ಜಿಗೆ, ಜಜ್ಜಿದ ಶುಂಠಿ ಸೇರಿಸಿ ಮಕ್ಕಳಿಗೆ ಕುಡಿಯಲು ಕೊಡಬೇಕು, ಇಲ್ಲವೆ ಸಾರಿಗೆ ಬೆರಸಬೇಕು. ನ್ಯಾಯಬೆಲೆಯ ಅಂಗಡಿಯಲ್ಲಿ ಕುಸುಬಲಕ್ಕಿ ದೊರೆತಾಗ ಅದನ್ನು ದನಕ್ಕೆ ಬೇಯಿಸಿ ಹಾಕಿ, ಬೆಳ್ಳನೆಯ ಅಕ್ಕಿಯನ್ನು ಹಣ ಕೊಟ್ಟು ತರುವ ಮನೆಗಳಿವೆ. ಅಂಥ ಮನೆಯಲ್ಲಿ ದನವೇ ಬುದ್ಧಿವಂತವೆಂದು ಹೇಳಬೇಕಾಗುತ್ತದೆ.

ಎರಡನೆಯದು ಬೇಳೆಕಾಳುಗಳ ವಿಷಯ. ಬಯಲುಸೀಮೆಯಿಂದ ಮದುವೆಯಾಗಿ ಬೆಟ್ಟಕ್ಕೆ ಬಂದ ಸೊಸೆಯರು, ಇಲ್ಲಿ ಬೇಳೆ ಬೇಯುವುದೇ ಇಲ್ಲವಲ್ಲ ಎಂದು ಬೇಸರಪಡುವುದುಂಟು. ತಪ್ಪು ಬೇಳೆಯದೂ ಅಲ್ಲ, ಸೊಸೆಯದೂ ಅಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ನೀರು ಕಡಿಮೆ ಶಾಖದಲ್ಲಿಯೇ ಕುದಿಯುತ್ತದೆ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಡಿಗ್ರಿ ಸೆಂಟಿಗ್ರೇಡ್ ಇಳಿಯುವುದೆಂದು ಲೆಕ್ಕವಿಡಬಹುದು. ಮೆಟ್ಟುಪಾಳೆಯದಲ್ಲಿ 99 ಡಿಗ್ರಿಯಲ್ಲಿ ಕುದಿಯುವ ನೀರು, ಆರು ಸಾವಿರ ಅಡಿ ಎತ್ತರದ ಕೂನೂರಿನ ಸುತ್ತಿನಲ್ಲಿ 94 ಡಿಗ್ರಿಯಲ್ಲಿಯೂ, ಉದಕಮಂಡಲದಲ್ಲಿ ಇನ್ನೂ ಕೆಳಗೂ ಕುದಿಯುತ್ತದೆ. ನೀರು ಕೊತಕೊತ ಕುದಿಯುವುದು ಕಣ್ಣಿಗೆ ಕಾಣುತ್ತದೆ. ಶಾಖ ಮಾತ್ರ ಸಾಲದು. ಉರಿಯನ್ನು ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಆ 94ನ್ನು ದಾಟುವುದಿಲ್ಲ. ಸೌದೆಯೋ ಗ್ಯಾಸೋ ವ್ಯರ್ಥ, ಅಷ್ಟೆ. ಆದುದರಿಂದ ಕುದಿ ಬಂದ ಕೂಡಲೇ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ, ಹೊತ್ತು ಕೊಡಬೇಕು.

ಹೊತ್ತು ಉಳಿಸುವ ಉಪಾಯ ನೆನೆಹಾಕುವುದು. ಅವರೆ, ಕಡಲೆ, ಬಟಾಣಿ, ರಾಜ್ಮಾ ಮುಂತಾದ ಇಡಿಯ ಕಾಳುಗಳನ್ನು ಹಿಂದಿನ ರಾತ್ರಿಯೇ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಹಾಕಿರಿ. ನಮ್ಮ ಚಳಿಗೆ ಹತ್ತು ಹನ್ನೆರಡು ಗಂಟೆ ಬೇಕು. ಬೇಯುವ ಕಾಳಿಗೆ ನೀರು ಸಾಲದೆ ಬಂದರೆ ಬಿಸಿನೀರನ್ನೇ ಹೊಯ್ಯಿರಿ. ತಣ್ಣೀರು ಬೇಯುವುದನ್ನು ತಡೆಯುತ್ತದೆ. ಹುಣಿಸೆ, ಟೊಮೇಟೊ ಮುಂತಾದ ಹುಳಿಯನ್ನು ಕಾಳು ಬೆಂದ ಮೇಲೆಯೇ ಹಾಕಿರಿ. ಮೊದಲೇ ಹಾಕಿದರೆ ಕಾಳಿನ ಸಿಪ್ಪೆ ಬಿಗಿಯುತ್ತದೆ. ಬೇಗ ಬೇಯಲೆಂದು ಸೋಡಾ ಪುಡಿ ಹಾಕುವ ಅಭ್ಯಾಸ ಬೇಡ. ಅದು ಕಾಳನ್ನು ಮೆತ್ತಗೆ ಮಾಡುವುದರ ಜೊತೆಗೆ ಬಿ-1 ಜೀವಸತ್ತ್ವವನ್ನು ನಾಶಮಾಡುತ್ತದೆ. ಕೆಂಪು ರಾಜ್ಮಾವನ್ನು ಎಂದಿಗೂ ಅರೆಬೇಯಿಸಿ ತಿನ್ನಬಾರದು. ಅದರಲ್ಲಿರುವ ಒಂದು ವಿಷಾಂಶವು ಚೆನ್ನಾಗಿ ಕುದಿದಾಗಲೇ ಅಳಿಯುವುದು. ಇಲ್ಲವಾದರೆ ವಾಂತಿ, ಹೊಟ್ಟೆನೋವು ತಪ್ಪದು. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿರಿ. ಕುಕ್ಕರು ಇರುವವರು ಕಾಳುಗಳಿಗೆ ಅದನ್ನೇ ಬಳಸುವುದು ಮೇಲು. ಆವಿ ಹೊರಹೋಗದೆ ಒತ್ತಡ ಏರುವುದರಿಂದ ಅದರೊಳಗಿನ ನೀರು 115 ಡಿಗ್ರಿಯ ಸುಮಾರಿಗೆ ಕಾಯುತ್ತದೆ. ಬೆಟ್ಟದ ಎತ್ತರವು ಕಸಿದುಕೊಂಡ ಶಾಖವನ್ನು ಮರಳಿ ಕೊಡುತ್ತದೆ.

ಧಾನ್ಯವೂ ಕಾಳೂ ಒಂದೇ ಊಟದಲ್ಲಿ ಕೂಡಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಅಕ್ಕಿ ರಾಗಿಗಳ ಪ್ರೋಟೀನಿನಲ್ಲಿ ಇರುವ ಕೊರತೆಯನ್ನು ಬೇಳೆಕಾಳು ತುಂಬುತ್ತದೆ. ಬೇಳೆಯ ಕೊರತೆಯನ್ನು ಧಾನ್ಯ ತುಂಬುತ್ತದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಎಂಬುದು ಒಳ್ಳೆಯ ಅಳತೆ. ನಮ್ಮ ಹುಗ್ಗಿ, ಬಿಸಿಬೇಳೆಬಾತುಗಳಲ್ಲಿ ಈ ನೆಂಟಸ್ತನ ಮೊದಲಿನಿಂದಲೂ ಇದೆ. ಬಡಗರ ಮನೆಗಳಲ್ಲಿ ಅವರೆಯ 'ಉದಕ'ವನ್ನು ಹಿಟ್ಟಿಗೋ ಅನ್ನಕ್ಕೋ ಕೂಡಿಸಿ ಉಣ್ಣುವುದೂ ಇದೇ ಮರ್ಮ. ಗ್ರಂಥದಲ್ಲಿ ಉದಕವೆಂದರೆ ಬರಿಯ ನೀರು. ಈ ಬೆಟ್ಟದಲ್ಲಿ ಅದು ಕಾಳಿನ ಸಾರಾಗಿದೆ. ಆದರೆ ಕಾಳಿಲ್ಲದ ತೆಳುಸಾರನ್ನು ಬಡಿಸಿ ಗ್ರಂಥದ ಅರ್ಥವನ್ನೇ ಸತ್ಯಮಾಡಬೇಡಿರಿ ಎಂದು ತಾಯಂದಿರಲ್ಲಿ ನಮ್ಮ ಬಿನ್ನಹ.

ಮೂರನೆಯದಾಗಿ ರಾಗಿ ಸಾಮೆಗಳನ್ನು ನೆನೆಯಬೇಕು. ಇಂದು ಚಹಾ ಗಿಡಗಳು ಮುಚ್ಚಿರುವ ಈ ಇಳಿಜಾರುಗಳಲ್ಲಿ ಹಿಂದೆ ರಾಗಿ, ಸಾಮೆ, ಬಾರ್ಲಿ, ಗೋಧಿ ಬೆಳೆಯುತ್ತಿದ್ದವು. 1820ರ ದಶಕದಲ್ಲಿ ಸಲಿವನ್ ಸಾಹೇಬನ ಕಾಲಕ್ಕೆ ಆಲೂಗಡ್ಡೆಯೂ ಸೀಮೆಯ ತರಕಾರಿಗಳೂ ಬಂದವು. ಆ ಬೆಳೆಯ ಮಾರಾಟಕ್ಕಾಗಿ 1935ರಲ್ಲಿ ನೀಲಗಿರಿಯ ಸಹಕಾರ ಮಾರಾಟ ಸಂಘವು ಹುಟ್ಟಿತು. ಅದಕ್ಕಾಗಿ ದುಡಿದ ರಾವ್ ಬಹದ್ದೂರ್ ಆರಿ ಗೌಡರು ಇದೇ ಹುಬ್ಬತಲೈಯವರೆಂಬುದು ನಮಗೆ ಅಭಿಮಾನದ ಸಂಗತಿ. 1961ರಲ್ಲಿ ಆಲೂಗಡ್ಡೆಯ ಬೇರನ್ನು ಹಿಡಿಯುವ ಸೂಕ್ಷ್ಮವಾದ ಹುಳು ಉದಕಮಂಡಲದ ಬಳಿ ಪತ್ತೆಯಾಯಿತು. ಮುಂದೆ ಹೊಲ ಹೊಲವೇ ಚಹಾ ತೋಟವಾಯಿತು. ಧಾನ್ಯವು ಹೊಲವನ್ನು ಬಿಟ್ಟಿತು. ಅದರ ಹಿಂದೆಯೇ ತಟ್ಟೆಯನ್ನೂ ಬಿಟ್ಟಿತು.

ಹೀಗೆ ಬಿಟ್ಟುಹೋದದ್ದರ ಬೆಲೆಯನ್ನು ಕೇಳಿರಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ನಯಮಾಡಿದ ಅಕ್ಕಿಯಲ್ಲಿ ಅದು 10ನ್ನೂ ಮೀರುವುದು ಕಷ್ಟ. ಬೆಳೆಯುವ ಮಕ್ಕಳ ಎಲುಬಿಗೂ ಬಾಣಂತಿಯರಿಗೂ ಇದಕ್ಕಿಂತ ಅಗ್ಗದ ಔಷಧವಿಲ್ಲ. ರಾಗಿಯನ್ನು ಅಕ್ಕಿಯಂತೆ ನಯಮಾಡದೆ ತೌಡಿನೊಡನೆಯೇ ಬೀಸುವುದರಿಂದ ನಷ್ಟವೂ ಕಡಿಮೆ. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎಂಬ ಗಾದೆ ಬೆಟ್ಟದವರಾದ ನಮಗೇ ಹೇಳಿಸಿದಂತಿದೆ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಅದೇ ವರ್ಷ ತಮಿಳುನಾಡು ಸರ್ಕಾರವು ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಪಡಿತರ ಚೀಟಿಯವರಿಗೆ ಎರಡು ಕಿಲೋ ಅಕ್ಕಿಗೆ ಬದಲಾಗಿ ಎರಡು ಕಿಲೋ ರಾಗಿ ಕೊಡುವ ಯೋಜನೆಯನ್ನು ಆರಂಭಿಸಿತು. ಕನಕದಾಸರ ರಾಗಿಗೆ ಮತ್ತೊಮ್ಮೆ ಜಯವಾಯಿತೆನ್ನಬೇಕು.

ಹಿಟ್ಟು ತೊಳಸುವ ಹದವನ್ನು ಇಂದಿನ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಕಲಿಯಲೆಂದು ಹೇಳುತ್ತೇವೆ. ಒಂದು ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿ ಕುದಿಸಿರಿ. ಗಂಟಾಗದಿರಲು ಇದೇ ಉಪಾಯ. ಎಸರು ಮರಳಿದಾಗ ಉಳಿದ ಹಿಟ್ಟನ್ನು ನಡುವೆ ಗೋಪುರದಂತೆ ಸುರಿದು, ಕಲಕದೆ, ಸಣ್ಣ ಉರಿಯಲ್ಲಿ ಬೇಯಲು ಬಿಡಿರಿ. ಬಯಲುಸೀಮೆಯಲ್ಲಿ ಐದು ನಿಮಿಷ ಸಾಕಾದರೆ ಇಲ್ಲಿ ಎಂಟು ಹತ್ತು ನಿಮಿಷ ಬೇಕು. ಬಳಿಕ ಕೋಲಿನಿಂದ ಚೆನ್ನಾಗಿ ತೊಳಸಿ, ಮತ್ತೆ ಎರಡು ನಿಮಿಷ ಮುಚ್ಚಿಟ್ಟು, ಕೈಗೆ ನೀರು ಹಚ್ಚಿಕೊಂಡು ಕಟ್ಟಿರಿ. ಒದ್ದೆಗೈಯಲ್ಲಿ ಮುಟ್ಟಿದರೆ ಅಂಟಬಾರದು. ಅದೇ ಬೆಂದ ಗುರುತು. ರಾಗಿಯನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸಿದರೆ ಅದರ ಕಬ್ಬಿಣದಂಶವೂ ಸುಣ್ಣದಂಶವೂ ದೇಹಕ್ಕೆ ಇನ್ನೂ ಚೆನ್ನಾಗಿ ಹತ್ತುತ್ತವೆ. ಚಳಿಗಾಲದಲ್ಲಿ ಮೊಳಕೆಗೆ ಮೂರು ದಿನವಾದರೂ ಆದೀತು, ಒಲೆಯ ಪಕ್ಕದಲ್ಲಿಡಿರಿ. ಆ ಹಿಟ್ಟಿನ ಅಂಬಲಿಯು ಹತ್ತು ನಿಮಿಷದ ಕೆಲಸ. ಬೆಳಗ್ಗೆ ಬಿಸ್ಕತ್ತಿನ ಸ್ಥಾನದಲ್ಲಿ ಅದು ಕುಳಿತರೆ ನಮ್ಮ ಎರಡನೆಯ ಪಾಠವು ಮಕ್ಕಳ ಕಿವಿಗೆ ಬಿದ್ದೀತು.

ನಾಲ್ಕನೆಯದು ಸೊಪ್ಪು ತರಕಾರಿ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ತ್ವವೆಲ್ಲ ನೀರುಪಾಲು. ಹೆಚ್ಚಿದ್ದನ್ನು ಗಂಟೆಗಟ್ಟಲೆ ತೆರೆದಿಡಬಾರದು. ಸ್ವಲ್ಪ ನೀರು, ಮುಚ್ಚಿದ ಪಾತ್ರೆ, ಸ್ವಲ್ಪ ಹೊತ್ತು. ಈ ಮೂರು ಸಾಕು. ಬೇಯಿಸಿದ ನೀರನ್ನು ಚೆಲ್ಲಬಾರದೆಂದು ಇಂದಿನ ವಿಜ್ಞಾನ ಹೇಳುತ್ತಿದೆ. ನಮ್ಮ ಅಜ್ಜಿಯರು ಅದನ್ನೇ ಬಸ್ಸಾರು ಮಾಡಿ ಬಡಿಸಿದರು. ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟಿಗೆ ಖಾರ ಅರೆದು ಹಾಕಿದರೆ ಸಾರು, ಬಸಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಹನಿಯೂ ಹೊರಗೆ ಹೋಗಲಿಲ್ಲ, ಒಂದು ಒಲೆಯಲ್ಲಿ ಎರಡು ವ್ಯಂಜನವಾಯಿತು. ಇದಕ್ಕಿಂತ ಜಾಣತನ ಯಾವ ಪುಸ್ತಕದಲ್ಲಿದೆ? ಹಿತ್ತಲಿನ ಕೀರೆ, ದಂಟುಗಳಲ್ಲದೆ, ಮೂಲಂಗಿ, ಬೀಟ್‌ರೂಟ್, ನವಿಲುಕೋಸುಗಳ ಎಲೆಯನ್ನೂ ತಿನ್ನಬಹುದು. ಸಂತೆಯಲ್ಲಿ ಗಡ್ಡೆಯನ್ನು ಕೊಂಡು ಎಲೆಯನ್ನು ಮುರಿದು ಎಸೆಯುವವರು ಅರ್ಧ ಹಣವನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ.

ನಮ್ಮ ಕ್ಯಾರೆಟ್ಟಿನ ಸಿಪ್ಪೆಯನ್ನು ಹೆರೆಯಬೇಡಿರಿ. ಚೆನ್ನಾಗಿ ಉಜ್ಜಿ ತೊಳೆದರೆ ಸಾಕು. ಅದರ ಬಣ್ಣದಿಂದಲೇ ದೇಹವು ಕಣ್ಣಿಗೆ ಬೇಕಾದ ಎ ಜೀವಸತ್ತ್ವವನ್ನು ಮಾಡಿಕೊಳ್ಳುತ್ತದೆ. ಆದರೆ ಅದು ಜಿಡ್ಡಿನೊಡನೆ ಮಾತ್ರ ಚೆನ್ನಾಗಿ ಹತ್ತುವುದರಿಂದ ಪಲ್ಯಕ್ಕೆ ಒಂದು ಚಮಚ ಎಣ್ಣೆಯೋ ತುಪ್ಪವೋ ಬೀಳಲಿ. ಆಲೂಗಡ್ಡೆಯನ್ನು ಸಿಪ್ಪೆಯೊಡನೆ ಬೇಯಿಸಿ ಆಮೇಲೆ ಸುಲಿಯಿರಿ. ಬೆಳಕಿಗೆ ಬಿದ್ದು ಹಸುರಾದ, ಮೊಳೆತ ಆಲೂಗಡ್ಡೆಯಲ್ಲಿ ವಿಷಾಂಶ ಕೂಡುವುದರಿಂದ ಹಸುರನ್ನೂ ಮೊಳಕೆಯನ್ನೂ ಆಳವಾಗಿ ಕೆತ್ತಿ ತೆಗೆಯಬೇಕು. ಬಹಳ ಹಸುರಾಗಿದ್ದರೆ ಎಸೆದುಬಿಡಬೇಕು. ಕೋಸನ್ನು ಬಹಳ ಹೊತ್ತು ಬೇಯಿಸಿದರೆ ಮನೆಯೆಲ್ಲ ದುರ್ವಾಸನೆ, ಬಾಯಿಗೂ ರುಚಿಯಿಲ್ಲ.

ಐದನೆಯ ಮಾತು ಚಹಾ ಬೆಳೆಯುವ ನಮಗೆ ಸ್ವಲ್ಪ ಕಹಿಯಾದೀತು. ಚಹಾವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಅದು ಇಲ್ಲಿಯ ಎಷ್ಟೋ ಮನೆಗಳ ಅನ್ನ. ಊಟದ ಜೊತೆಗೆ ಕುಡಿಯಬೇಡಿರೆಂದು ಮಾತ್ರ ಹೇಳುತ್ತೇವೆ. ಚಹಾದ ಒಗರು ಸೊಪ್ಪು ಕಾಳು ರಾಗಿಗಳಲ್ಲಿರುವ ಕಬ್ಬಿಣದಂಶವನ್ನು ಹಿಡಿದುಕೊಂಡು, ರಕ್ತಕ್ಕೆ ಸೇರದಂತೆ ಮಾಡುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ. ಇದಕ್ಕೆ ವಿರುದ್ಧವಾಗಿ, ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣುಗಳ ಸಿ ಜೀವಸತ್ತ್ವವು ಅದೇ ಕಬ್ಬಿಣದಂಶವನ್ನು ರಕ್ತಕ್ಕೆ ಸೇರಿಸುತ್ತದೆ. ಸೊಪ್ಪಿನ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿರಿ. ಬೇಯುವಾಗ ಹಿಂಡಿದರೆ ಶಾಖಕ್ಕೆ ಅದರ ಬಹುಪಾಲು ಗುಣ ಹೋಗುತ್ತದೆ. ಅರ್ಧ ನಿಂಬೆಹಣ್ಣು, ಒಂದು ಗಂಟೆಯ ತಾಳ್ಮೆ. ಬಿಳಿಚಿದ ಹುಡುಗಿಗೆ ಇವೆರಡೂ ಮಾಡುವ ಉಪಕಾರ ಸಣ್ಣದಲ್ಲ. ಆದರೂ ಆಯಾಸ ಬಹಳವಿದ್ದರೆ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳನ್ನು ಮಕ್ಕಳು ಗುಟ್ಟಾಗಿ ಎಸೆಯಬಾರದು.

ಇನ್ನು ರುಚಿಯ ವಿಷಯ. ಗುಣವಿದ್ದು ರುಚಿಯಿಲ್ಲದ ಊಟವನ್ನು ಮಕ್ಕಳು ಮುಟ್ಟುವುದಿಲ್ಲ, ದೊಡ್ಡವರು ಮುಟ್ಟಿ ಗೊಣಗುತ್ತಾರೆ. ರುಚಿಗೆ ಎಣ್ಣೆ ಖಾರಗಳನ್ನು ಸುರಿಯಬೇಕಾಗಿಲ್ಲ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸುಗಳನ್ನು ಒಟ್ಟಿಗೆ ಹುರಿಯದೆ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಿರಿ. ಒಂದು ಹಸಿಯಾಗಿರುವಾಗಲೇ ಇನ್ನೊಂದು ಸೀದುಹೋಗುತ್ತದೆ. ನಮ್ಮ ಮಂಜಿನ ತಿಂಗಳುಗಳಲ್ಲಿ ಪುಡಿ ಬೇಗ ಮುಗ್ಗುವುದರಿಂದ ಎರಡು ವಾರಕ್ಕೆ ಸಾಕಾಗುವಷ್ಟೇ ಮಾಡಿಕೊಂಡು ಗಾಳಿಯಾಡದ ಡಬ್ಬಿಯಲ್ಲಿಡಿರಿ. ಒಗ್ಗರಣೆಗೆ ಎಣ್ಣೆ ಕಾದ ಮೇಲೆ ಸಾಸಿವೆ, ಅದು ಸಿಡಿದ ಮೇಲೆ ಬೇಳೆ, ಅದು ಕೆಂಪಾಗುವಾಗ ಮೆಣಸಿನಕಾಯಿ, ಇಂಗು, ಕೊನೆಗೆ ಕರಿಬೇವು. ಈ ಕ್ರಮ ತಪ್ಪಿದರೆ ಒಂದು ಸೀದು ಒಂದು ಹಸಿ ಉಳಿಯುವುದು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿರಿ. ಅಯೋಡಿನ್ ಸೇರಿಸಿದ ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಅಡಿಗೆ ಇಳಿಸುವ ಮುನ್ನ ಹಾಕಿದರೆ ಅಯೋಡಿನ್ ಹೆಚ್ಚು ಉಳಿಯುತ್ತದೆ. ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆ ನಿಜವಾದರೂ, ದಿನಕ್ಕೆ ಒಬ್ಬರಿಗೆ ಐದು ಗ್ರಾಮಿಗಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಅದೊಂದು ಸಣ್ಣ ಚಮಚದಷ್ಟು; ಉಪ್ಪಿನಕಾಯಿ ಹಪ್ಪಳಗಳೂ ಆ ಲೆಕ್ಕಕ್ಕೇ ಸೇರುತ್ತವೆ.

ಚಳಿಯಲ್ಲಿ ಇಡ್ಲಿ ಹಿಟ್ಟು ಹುದುಗು ಬರುವುದಿಲ್ಲವೆಂಬ ದೂರು ಇಲ್ಲಿ ಮನೆಮನೆಯದು. ರುಬ್ಬುವಾಗ ಬೆಚ್ಚನೆಯ ನೀರು ಬಳಸಿರಿ. ಉದ್ದಿನೊಡನೆ ಒಂದು ಚಮಚ ಮೆಂತ್ಯ ನೆನೆಹಾಕಿರಿ. ಹಿಟ್ಟಿನ ಪಾತ್ರೆಯನ್ನು ಉಗುರುಬೆಚ್ಚನೆಯ ನೀರಿರುವ ದೊಡ್ಡ ಪಾತ್ರೆಯಲ್ಲಿಟ್ಟು ಹಳೆಯ ಕಂಬಳಿ ಹೊದಿಸಿರಿ. ಬಯಲಿನಲ್ಲಿ ಎಂಟು ಗಂಟೆಗೆ ಉಬ್ಬುವುದು ಇಲ್ಲಿ ಹದಿನಾರು ಗಂಟೆಯಾದರೂ ಆದೀತು. ಕೂಸಿಗೂ ಹಿಟ್ಟಿಗೂ ಬೆಟ್ಟದಲ್ಲಿ ಕಂಬಳಿಯೇ ಗತಿ.

ಈಗ ಒಂದು ದಿನದ ಊಟವನ್ನು ಒಟ್ಟುಗೂಡಿಸಿ ನೋಡೋಣ. ಬೆಳಗ್ಗೆ ಮೊಳಕೆ ರಾಗಿಯ ಅಂಬಲಿ, ಇಲ್ಲವೆ ಇಡ್ಲಿ ಚಟ್ನಿ. ಮಧ್ಯಾಹ್ನ ಅನ್ನ ಅಥವಾ ಸಾಮೆಯನ್ನ, ಅವರೆಯ ಉದಕ, ನಿಂಬೆ ಹಿಂಡಿದ ಸೊಪ್ಪಿನ ಪಲ್ಯ, ಮಜ್ಜಿಗೆ. ಸಂಜೆ ಬೇಯಿಸಿದ ಕಡಲೆ, ಇಲ್ಲವೆ ಒಂದು ಸೀಬೆಹಣ್ಣು. ರಾತ್ರಿ ಹಿಟ್ಟು, ಬಸ್ಸಾರು, ಕ್ಯಾರೆಟ್ಟಿನ ಪಲ್ಯ. ಅನುಕೂಲವಿದ್ದವರಿಗೆ ಮೊಟ್ಟೆ ಅಥವಾ ಹಾಲು. ಇದರಲ್ಲಿ ದೂರದೇಶದಿಂದ ತರಿಸಬೇಕಾದುದು ಒಂದೂ ಇಲ್ಲ. ಕಾಳು ನೆನೆಹಾಕುವುದು ಗಂಡನ ಕೆಲಸವಾಗಲಿ, ಸೊಪ್ಪು ಸೋಸುವುದು ಮಕ್ಕಳ ಕೆಲಸವಾಗಲಿ. ತೋಟದಲ್ಲಿ ದಿನವಿಡೀ ಎಲೆ ಕೊಯ್ದು ಬಂದ ತಾಯಿಯು ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದ ತಿಳಿಸಾರಿನಲ್ಲಿ ಉಣ್ಣುವ ಪದ್ಧತಿ ನಿಲ್ಲಬೇಕು. ರಕ್ತಹೀನತೆಯ ಲೆಕ್ಕದಲ್ಲಿ ಸ್ತ್ರೀಯರೇ ಮುಂದಿರುವುದಕ್ಕೆ ಇದೂ ಒಂದು ಕಾರಣ. ಎಲ್ಲರೂ ಒಟ್ಟಿಗೆ ಕುಳಿತು ಉಂಡರೆ ಪಾಲು ತಾನಾಗಿಯೇ ಸಮನಾಗುತ್ತದೆ.

ಕೊನೆಯದಾಗಿ ನಮ್ಮ ವೃತ್ತಿಗೆ ಸಂಬಂಧಿಸಿದ ಒಂದು ಮಾತು. ಗೋಧಿಯನ್ನು ಬೀಸುತ್ತೇವೆ, ಉದ್ದನ್ನು ರುಬ್ಬುತ್ತೇವೆ, ಖಾರವನ್ನು ಅರೆಯುತ್ತೇವೆ, ಮೆಣಸನ್ನು ಕುಟ್ಟುತ್ತೇವೆ. ಒಂದೊಂದಕ್ಕೂ ಬೇರೆ ಕಲ್ಲು, ಬೇರೆ ಕೈಚಳಕ, ಬೇರೆ ಮಾತು. ಇಂದು ಎಲ್ಲವೂ ಮಿಕ್ಸಿಗೆ ಬಿದ್ದು, ಹಾಕು ಎಂಬ ಒಂದೇ ಕ್ರಿಯಾಪದ ಉಳಿದಿದೆ. ಎಸರು, ಹದ, ಬಸಿ, ಬಾಡಿಸು, ತೊಳಸು ಎಂಬ ಮಾತುಗಳ ಅರ್ಥವನ್ನು ನಾವು ಕರಿಹಲಗೆಯ ಮೇಲೆ ಬರೆದು ವಿವರಿಸಬೇಕಾದ ಕಾಲ ಬಂದಿದೆ. ಬಡಗ ನುಡಿಯು ಕನ್ನಡದ ತಂಗಿಯೋ ಮಗಳೋ ಸ್ವತಂತ್ರಳೋ ಎಂಬ ಚರ್ಚೆಯನ್ನು ವಿದ್ವಾಂಸರು ನಡೆಸಲಿ. ಅಡಿಗೆಯ ಮನೆಯಲ್ಲಿ ಆ ನೆಂಟಸ್ತನ ಬಾಯಿಗೇ ತಿಳಿಯುತ್ತದೆ. ಹಬ್ಬದ ತುಪ್ಪದಿಟ್ಟಿನಲ್ಲಿ ತುಪ್ಪವೂ ಇದೆ, ಹಿಟ್ಟೂ ಇದೆ. ಶಾಲೆಯಲ್ಲಿ ತಮಿಳು, ಇಂಗ್ಲಿಷುಗಳನ್ನು ಮಕ್ಕಳು ಚೆನ್ನಾಗಿ ಕಲಿಯಲಿ. ಅವು ಅನ್ನದ ಭಾಷೆಗಳು. ಮನೆಯ ಒಲೆಯ ಮುಂದೆ ಮಾತ್ರ ಅಜ್ಜಿಯ ಮಾತಿನಲ್ಲಿಯೇ ಅವರಿಗೆ ಅಡಿಗೆಯನ್ನು ಕಲಿಸಿರಿ. ಹಿಟ್ಟು ತೊಳಸಲು ಕಲಿತ ಮಗುವಿಗೆ ತೊಳಸು ಎಂಬ ಮಾತಿನ ಅರ್ಥವನ್ನು ಯಾವ ಪಂಡಿತರೂ ಹೇಳಿಕೊಡಬೇಕಾಗಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಎರಡನ್ನೂ ಒಂದೇ ಗಾದೆಯಲ್ಲಿ ಕಟ್ಟಿಟ್ಟರು. ಸಭೆಯ ಬಳಿಕ ಉಪಾಹಾರದ ಏರ್ಪಾಡಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಅದರಲ್ಲಿ ಚಹಾವೂ ಇದೆಯಂತೆ. ಉಪಾಹಾರ ಮುಗಿದ ಒಂದು ಗಂಟೆಯ ಮೇಲೆ ಕುಡಿಯಿರೆಂದು ಕೋರುತ್ತೇವೆ.  ಈ ಇರುಳು ಮಲಗುವ ಮೊದಲು ಪ್ರತಿಯೊಂದು ಮನೆಯಲ್ಲಿಯೂ ಒಂದು ಬೊಗಸೆ ಕಾಳು ನೀರಿಗೆ ಬೀಳಲಿ.

ಸಿರಿಗನ್ನಡಂ ಗೆಲ್ಗೆ.